ಬೋರ್ಡ್‌ನ ತೇವಕ್ಕೆ ಓವನ್, ಮುಳ್ಳು ಮೀಟರ್, ಎನ್‌ಐಆರ್: ನನ್ನ ಹೋಲಿಕೆ

ನನ್ನ ವೋಟು ಎನ್‌ಐಆರ್ ಹೆಡ್‌ಗೆ, ಅಂದರೆ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕು ಬಿಟ್ಟು ತೇವ ಅಳೆಯುವ ಪೆಟ್ಟಿಗೆಗೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಅನ್ನಬೇಡಿ. ನಾನಿರುವುದು ರದ್ದಿಯಿಂದ ಡ್ಯುಪ್ಲೆಕ್ಸ್ ಬೋರ್ಡ್ ಮಾಡುವ ಸಣ್ಣ ಮಿಲ್‌ನಲ್ಲಿ. ಮೇಲೆ ಬಿಳಿ ಕೋಟಿಂಗ್, ಹಿಂದೆ ಬೂದು ಬಣ್ಣ. ಸ್ವೀಟ್ ಬಾಕ್ಸು, ಮಾತ್ರೆ ಡಬ್ಬಿ ಆಗುತ್ತಲ್ಲ, ಅದೇ.

ತೇವ ಇಲ್ಲಿ ನೇರ ದುಡ್ಡಿನ ವಿಷಯ. ಬೋರ್ಡ್ ಮಾರುವುದು ತೂಕಕ್ಕೆ. 5% ತೇವದಲ್ಲಿ 100 ಕೆಜಿ ತೂಗುವ ಮಾಲು 7%ಗೆ 102 ಕೆಜಿ ದಾಟುತ್ತದೆ, ನಾರು ಅಷ್ಟೇ. ಜಾಸ್ತಿ ಒಣಗಿಸಿದರೆ ಸ್ಟೀಮೂ ದಂಡ, ತೂಕವೂ ಹೋಯಿತು. ಮೇಲಿಂದ, ಮಡಚುವ ಗೆರೆಯಲ್ಲಿ ಕೋಟಿಂಗ್ ಬಿರಿಯುತ್ತಿದೆ ಅಂತ ಪಾರ್ಟಿಯ ಫೋನು ಬೇರೆ.

ಓವನ್ ಸುಳ್ಳು ಹೇಳುವುದಿಲ್ಲ. ಸ್ಯಾಂಪಲ್ ತೂಗಿ, 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು, ಮತ್ತೆ ತೂಗಿದರೆ ಮುಗಿಯಿತು. ಆದರೆ ದಪ್ಪ ಬೋರ್ಡ್‌ಗೆ ಒಂದು ಗಂಟೆಯಾದರೂ ಬೇಕು. ನಿಮಿಷಕ್ಕೆ 150 ಮೀಟರ್ ಓಡುವ ಮಿಷಿನ್‌ನಲ್ಲಿ ಅಷ್ಟರೊಳಗೆ 9 ಕಿಲೋಮೀಟರ್ ಬೋರ್ಡ್ ಸುತ್ತಿ ಆಗಿರುತ್ತದೆ. ಓವನ್ ಹೇಳುವುದು ನಿಜವೇ, ಆದರೆ ಹಳೇ ಸುದ್ದಿ.

ಮುಳ್ಳು ಚುಚ್ಚುವ ಕೈಮೀಟರ್ ಅಗ್ಗ. ಅದು ಅಳೆಯುವುದು ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು. ಕಾಗದ ಮಾಡುವಾಗ ಹಾಕುವ ಆಲಂ ಅನ್ನೋ ರಾಸಾಯನಿಕ, ಉಪ್ಪಿನ ಅಂಶ ಜಾಸ್ತಿ ಇದ್ದರೆ ಒಣಗಿದ ಬೋರ್ಡೂ ಒದ್ದೆ ಅನ್ನುತ್ತದೆ. ಈಗ ಅದನ್ನು ರದ್ದಿ ಯಾರ್ಡ್‌ಗೆ ಕೊಟ್ಟಿದ್ದೇವೆ. ನೀರು ಹೊಡೆದ ರದ್ದಿ ಬೇಲ್ (ಕಟ್ಟು) ಹಿಡಿಯೋದಕ್ಕೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ.

ಇನ್ನು ಎನ್‌ಐಆರ್. ನೀರು 1.94 ಮೈಕ್ರಾನ್ ತರಂಗಾಂತರದ ಹತ್ತಿರದ ಬೆಳಕನ್ನು ಚೆನ್ನಾಗಿ ಹೀರುತ್ತದೆ, 1.8ರ ಸುಮಾರಿನ ಬೆಳಕನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹೆಡ್‌ನೊಳಗೆ ಹ್ಯಾಲೋಜನ್ ದೀಪದ ಮುಂದೆ ಫಿಲ್ಟರ್ ಚಕ್ರ ತಿರುಗುತ್ತಿರುತ್ತದೆ. ಬೋರ್ಡ್‌ನಿಂದ ವಾಪಸ್ ಬಂದ ಎರಡೂ ಬೆಳಕಿನ ಅನುಪಾತ ನೋಡಿ ತೇವ ಎಷ್ಟು ಅಂತ ಕ್ಷಣದಲ್ಲಿ ಹೇಳುತ್ತದೆ. ಆಪರೇಟರ್ ಸ್ಟೀಮ್ ವಾಲ್ವ್ ಮುಟ್ಟಿದ ಸ್ವಲ್ಪ ಹೊತ್ತಿಗೇ ಪರದೆಯ ಮೇಲೆ ಗೆರೆ ಬಗ್ಗುವುದು ಕಾಣುತ್ತದೆ. ಈ ಸುಖಕ್ಕೆ ಒಮ್ಮೆ ಒಗ್ಗಿಕೊಂಡರೆ ಓವನ್ ಮುಂದೆ ಕಾಯೋಕೆ ಮನಸ್ಸೇ ಬರುವುದಿಲ್ಲ.

ಆದರೆ ಗೋಳು ಹೊಯ್ದುಕೊಂಡ ವಿಷಯ ಒಂದಿದೆ: ಗಾಳಿ. ಹೆಡ್‌ನ ಗಾಜಿನ ಮೇಲೆ ಧೂಳು ಕೂರದಂತೆ ಸದಾ ಗಾಳಿ ಊದಬೇಕು. ಮಾರಿದವರು ‘ಶುದ್ಧ ಒಣಗಾಳಿ ಕೊಡಿ’ ಅಂತ ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದರು. ಮಿಲ್‌ನ ಕಂಪ್ರೆಸರ್ ಲೈನ್ ಪಕ್ಕದಲ್ಲೇ ಇತ್ತು, ಜೋಡಿಸಿದೆವು. ಬೇಸಿಗೆ ಆರಾಮಾಗಿ ಕಳೆಯಿತು.

ಮಳೆಗಾಲ ಶುರುವಾದ ಮೇಲೆ ರೀಡಿಂಗ್ ಮೆಲ್ಲಗೆ ಮೇಲೇರತೊಡಗಿತು. ರಾತ್ರಿ ಪಾಳಿಯಲ್ಲಿ ಜಾಸ್ತಿ. ತೇವ ಏರುತ್ತಿದೆ ಅಂತ ಆಪರೇಟರ್ ಸ್ಟೀಮ್ ಜಾಸ್ತಿ ಮಾಡಿದ. ಓವನ್ ನೋಡಿದರೆ ಬೋರ್ಡ್ ಹಪ್ಪಳ. ಕ್ಯಾಲಿಬ್ರೇಷನ್ ಸರಿಸಿದೆವು, ಮತ್ತೆ ಏರಿತು. ದೀಪ ಬದಲಿಸಿದೆವು, ಆಗಲೂ ಅದೇ ಕಥೆ. ಸರ್ವಿಸ್‌ನವರು ಫೋನಿನಲ್ಲೇ ‘ನಿಮ್ಮ ರದ್ದಿ ಬದಲಾಗಿದೆ’ ಅಂದರು. ರದ್ದಿ ಯಾವತ್ತು ಒಂದೇ ಥರ ಇರುತ್ತೆ, ಹೇಳಿ?

ಕೊನೆಗೆ ಹೆಡ್ ಬಿಚ್ಚಿ ಗಾಜನ್ನು ಬೆರಳಿನಿಂದ ಒರೆಸಿ ನೋಡಿದರೆ ಬೂದು ಬಣ್ಣದ ತೆಳು ಅಂಟು. ಕಂಪ್ರೆಸರ್ ಗಾಳಿಯ ಜೊತೆ ಎಣ್ಣೆ, ನೀರಿನ ಹನಿ ಬಂದು, ಅದರ ಮೇಲೆ ಕಾಗದದ ಧೂಳು ಕೂತಿತ್ತು. ಆ ಧೂಳೂ ನಾರೇ, ಅದೂ ತೇವ ಹಿಡಿಯುತ್ತದೆ. ಹೆಡ್ ಬೋರ್ಡ್‌ನ ನೀರಿನ ಜೊತೆ ತನ್ನ ಗಾಜಿನ ಮೇಲಿನ ನೀರನ್ನೂ ಸೇರಿಸಿ ಲೆಕ್ಕ ಹಾಕುತ್ತಿತ್ತು. ಎಣ್ಣೆ ಹಿಡಿಯುವ ಫಿಲ್ಟರ್, ಒಂದು ಸಣ್ಣ ಏರ್ ಡ್ರೈಯರ್ ಹಾಕಿಸಿದ ಮೇಲೆ ಕಾಟ ನಿಂತಿತು. ಇದರ ಖರ್ಚು ಯಾವ ಕೊಟೇಷನ್‌ನಲ್ಲೂ ಇರುವುದಿಲ್ಲ. ನೀವು ತಗೊಳ್ಳೋದಾದರೆ ಮೊದಲೇ ಸೇರಿಸಿಕೊಳ್ಳಿ.

ದಪ್ಪ ಬೋರ್ಡ್‌ನಲ್ಲಿ ಎನ್‌ಐಆರ್ ಹೆಚ್ಚಾಗಿ ಮೇಲ್ಪದರವನ್ನೇ ನೋಡುತ್ತದೆ, ನಡುವಿನ ಹಸಿ ಕಾಣುವುದಿಲ್ಲ. ಹಾಗಾಗಿ ಪಾಳಿಗೊಮ್ಮೆ ಓವನ್ ಜೊತೆ ತಾಳೆ ನೋಡಲೇಬೇಕು. ಕಪ್ಪು ಶೀಟ್ ಮಾಡುವವರು ಇದರ ಆಸೆ ಬಿಡಿ, ಕಾರ್ಬನ್ ಎಲ್ಲ ಬೆಳಕನ್ನೂ ನುಂಗುತ್ತದೆ. ಅಗಲಕ್ಕೂ ಓಡಾಡುವ ಸ್ಕ್ಯಾನರ್ ಇದ್ದರೆ ಚೆಂದವೇ, ಆದರೆ ಅದು ದೊಡ್ಡ ಮಿಲ್‌ನವರ ಬಾಬತ್ತು.

ಕೋಟಿಂಗ್ ಎಷ್ಟು ಬಿದ್ದಿದೆ ಅಂತ ಅಳೆಯುವ ವಿಷಯದಲ್ಲಿ ಮಾತ್ರ ಎನ್‌ಐಆರ್‌ಗೆ ಇಷ್ಟು ಸಲೀಸಾಗಿ ವೋಟು ಹಾಕಲಾರೆ. ಇದಕ್ಕೆ ಇನ್ನೊಂದು ದಾರಿ ಬೀಟಾ ಗೇಜ್; ಅದು ಬೀಟಾ ವಿಕಿರಣ ಹಾಯಿಸಿ ಒಟ್ಟು ತೂಕ ಅಳೆಯುತ್ತದೆ. ಕೋಟಿಂಗ್‌ಗೆ ಮುಂಚೆ ಒಂದು, ಆಮೇಲೆ ಒಂದು ಇಟ್ಟು ಕಳೆಯಬೇಕು. ಚದರ ಮೀಟರಿಗೆ 300 ಗ್ರಾಂ ತೂಗುವ ಬೋರ್ಡ್‌ನಲ್ಲಿ ಹತ್ತಿಪ್ಪತ್ತು ಗ್ರಾಂ ಕೋಟಿಂಗ್ ಹುಡುಕುವಾಗ ಎರಡು ಗೇಜ್‌ನ ತಪ್ಪೂ ಕೂಡಿಕೊಳ್ಳುತ್ತದೆ. ನಡುವೆ ತೇವ ಬದಲಾದರೆ ಅದೂ ಕೋಟಿಂಗ್ ಲೆಕ್ಕಕ್ಕೇ ಬೀಳುತ್ತದೆ. ಒಳಗಿರುವ ಕ್ರಿಪ್ಟಾನ್-85 ಸುಮಾರು 10.7 ವರ್ಷಕ್ಕೆ ಅರ್ಧ ಆಗುತ್ತದೆ. ವಿಕಿರಣದ ಮೂಲ ಅಂದಮೇಲೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಪರವಾನಗಿ, ದಾಖಲೆ ಎಲ್ಲ ಇಡಬೇಕು.

ಎನ್‌ಐಆರ್ ಕೋಟಿಂಗ್‌ನಲ್ಲಿರುವ ಚೈನಾ ಕ್ಲೇ ಅನ್ನೋ ಬಿಳಿ ಜೇಡಿಮಣ್ಣನ್ನು 2.2 ಮೈಕ್ರಾನ್ ಹತ್ತಿರ ಗುರುತು ಹಿಡಿಯುತ್ತದೆ. ಕೋಟಿಂಗ್‌ನ ಇನ್ನೊಂದು ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಆ ಜಾಗದಲ್ಲಿ ಗುರುತಿಲ್ಲ. ಕ್ಲೇ ತುಟ್ಟಿಯಾಯಿತು ಅಂತ ಖರೀದಿಯವರು ಕಾರ್ಬೊನೇಟ್ ಪಾಲು ಏರಿಸಿದ ದಿನ, ಕೋಟಿಂಗ್ ಅಷ್ಟೇ ಇದ್ದರೂ ರೀಡಿಂಗ್ ಬೀಳುತ್ತದೆ. ರೆಸಿಪಿ ಬದಲಾದಾಗಲೆಲ್ಲ ಹೊಸ ಕ್ಯಾಲಿಬ್ರೇಷನ್ ಬೇಕು. ಆದರೂ ನಮ್ಮಂಥವರಿಗೆ ಬೀಟಾಗಿಂತ ಎನ್‌ಐಆರೇ ವಾಸಿ. ಲೈಸೆನ್ಸ್ ಫೈಲು ಹಿಡಿದು ಓಡಾಡೋದಕ್ಕಿಂತ, ಕೋಟಿಂಗ್ ಕಲಸುವ ಕಿಚನ್‌ನ ರೆಸಿಪಿ ಬದಲಾದರೆ ನನಗೊಂದು ಫೋನ್ ಮಾಡಿ ಅಂತ ಬೋರ್ಡ್ ಬರೆದು ನೇತುಹಾಕುವುದು ಸುಲಭ ಅಲ್ವಾ? ನೇತುಹಾಕಿದ್ದೇನೆ. ಒಮ್ಮೊಮ್ಮೆ ಫೋನೂ ಬರುತ್ತದೆ.