ಚೈನ್ ಸಾ ಸಾಣೆಗೆ ಕೊಟ್ಟ ತಪ್ಪಿಗೆ ಹುಬ್ಬಿನ ಮೇಲೆ ಏಳು ಹೊಲಿಗೆ

ಮೇ ತಿಂಗಳ ಕೊನೆಯ ವಾರದ ಗಾಳಿಮಳೆಗೆ ನಮ್ಮ ತೋಟದ ಅಂಚಿನ ಹಲಸಿನ ಮರ ಬುಡಸಮೇತ ಉರುಳಿತು. ಬೀಳುವಾಗ ಆರು ಅಡಿಕೆ ಮರಗಳನ್ನು ಜೊತೆಗೆ ಕೆಡವಿಕೊಂಡು, ತೋಟಕ್ಕೆ ಇಳಿಯುವ ದಾರಿಗೆ ಅಡ್ಡವಾಗಿ ಮಲಗಿತು. ಮಳೆಗಾಲ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಡ್ರಮ್ಮು, ಪಂಪು ಎಲ್ಲ ಅದೇ ದಾರಿಯಲ್ಲಿ ಇಳಿಯಬೇಕು. ಹಾಗಾಗಿ ಅವಸರವಿತ್ತು. ಮುಂದೆ ನಡೆದದ್ದಕ್ಕೆಲ್ಲ ಆ ಅವಸರವನ್ನೇ ದೂರಿಬಿಟ್ಟರೆ ನನಗೂ ಸಮಾಧಾನ, ಆದರೆ ಅದು ಪೂರ್ತಿ ನಿಜವಲ್ಲ.

ನನ್ನದು ಎಂಟು ವರ್ಷ ಹಳೆಯ ಚೈನ್ ಸಾ, ಅಂದರೆ ಹಲ್ಲಿನ ಚೈನು ಓಡಿಸಿ ಮರ ಕೊಯ್ಯುವ ಯಂತ್ರದ ಗರಗಸ. ಚೈನು ಸುತ್ತುವ ಉದ್ದ ಪಟ್ಟಿಗೆ ಬಾರ್ ಎನ್ನುತ್ತಾರೆ, ನನ್ನದು 18 ಇಂಚಿನದು. ಮೊದಲ ದಿನ ನಾಲ್ಕು ಕೊಂಬೆ ಕೊಯ್ಯುವಷ್ಟರಲ್ಲಿ ಬಾರಿನ ತುದಿ ಮಣ್ಣಿನೊಳಗಿದ್ದ ಜಂಬಿಟ್ಟಿಗೆ ಕಲ್ಲಿಗೆ ತಾಗಿ ಕಿಡಿ ಹಾರಿತು. ಅಲ್ಲಿಗೆ ಮುಗಿಯಿತು. ಅಲ್ಲಿಯವರೆಗೆ ಹಳದಿ ಚಕ್ಕೆ ಉದುರಿಸುತ್ತಿದ್ದ ಗರಗಸ ಅರಿಶಿನ ಪುಡಿಯಂಥ ಹುಡಿ ಉಗುಳತೊಡಗಿತು. ಒತ್ತಿದರಷ್ಟೇ ಕೊಯ್ಯುತ್ತಿತ್ತು, ಒತ್ತಿದರೆ ಹೊಗೆ ಬರುತ್ತಿತ್ತು. ಹಲ್ಲು ಮೊಂಡಾಗಿದೆ ಎಂದು ತಿಳಿಯಲು ಇದಕ್ಕಿಂತ ಬೇರೆ ಪರೀಕ್ಷೆ ಬೇಡ.

ಚೈನು ಬಿಚ್ಚಿಕೊಂಡು ಪೇಟೆಗೆ ಹೋದೆ. ಪಂಪ್‌ಸೆಟ್, ಸ್ಪ್ರೇಯರ್, ಕಳೆ ಕೊಯ್ಯುವ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿ. ಹೆಸರು ಬೇಡ, ಇಂಥ ಅಂಗಡಿ ಎಲ್ಲ ಪೇಟೆಯಲ್ಲೂ ಒಂದಿರುತ್ತದೆ. ಕರೆಂಟಿನ ಸಾಣೆ ಯಂತ್ರ ಇಟ್ಟಿದ್ದರು. 150 ರೂಪಾಯಿ, ಹತ್ತು ನಿಮಿಷದ ಕೆಲಸ. ನಾನು ಸುಮ್ಮನಿರಲಿಲ್ಲ. “ಅಣ್ಣ, ಸ್ವಲ್ಪ ಬೇಗ ಕೊಯ್ಯುವ ಹಾಗೆ ಮಾಡಿಕೊಡಿ” ಎಂದೆ.

“ಅದಕ್ಕೇನಂತೆ ಸರ್, ಮುಂದಿನ ಗೂಟವನ್ನೂ ಇಳಿಸಿಕೊಡುತ್ತೇನೆ. ಬಾಳೆದಿಂಡು ಕೊಯ್ದ ಹಾಗೆ ಹೋಗುತ್ತದೆ ನೋಡಿ.”

ಪ್ರತಿ ಹಲ್ಲನ್ನೂ ಸಾಣೆ ಕಲ್ಲಿಗೆ ಒತ್ತಿ ಹಿಡಿದು, ಕಿಡಿ ಚಿಮ್ಮಿಸಿ, ಸರಸರನೆ ಮುಂದೆ ಸರಿಯುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ಮೊಬೈಲ್ ನೋಡುತ್ತಿದ್ದೆ. ಹಲ್ಲುಗಳ ತುದಿ ನೀಲಿಯಾಗಿತ್ತು. ಮನೆಗೆ ತಂದಾಗ ಅದು ನನಗೆ ಕಂಡಿತ್ತು ಕೂಡ. ಹೊಸ ಹೊಳಪು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಮೊದಲ ಕೊಯ್ತಕ್ಕೆ ನನಗೆ ಖುಷಿಯೇ ಆಯಿತು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚಕ್ಕೆ ಹಾರುತ್ತಿತ್ತು. ಆದರೆ ಗರಗಸ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಕಣ್ಣಿ ಕಿತ್ತುಕೊಂಡ ಹೋರಿಯ ಹಾಗೆ ಮುಂದಕ್ಕೆ ಜಗ್ಗುವುದು, ತಟ್ಟನೆ ಕಚ್ಚಿ ನಿಲ್ಲುವುದು, ಮತ್ತೆ ಜಗ್ಗುವುದು. ಅರ್ಧ ಗಂಟೆಯಲ್ಲಿ ಮೊಣಕೈ ಜೋಮು ಹಿಡಿಯಿತು. ಆಗಲಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಎರಡು ಕೊಂಬೆಗಳ ಸಂದಿಯಲ್ಲಿ ಕೊಯ್ಯುತ್ತಿದ್ದಾಗ ಬಾರಿನ ಮೂತಿಯ ಮೇಲ್ಭಾಗ ಹಿಂದಿದ್ದ, ನನಗೆ ಕಾಣದ ಒಂದು ರೆಂಬೆಗೆ ತಾಗಿತು. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಮೂತಿಯ ಮೇಲಿನ ಹಲ್ಲು ಏನನ್ನಾದರೂ ಕಚ್ಚಿ ಸಿಕ್ಕಿಕೊಂಡರೆ ಆ ವೇಗವೆಲ್ಲ ತಿರುಗಿ ಬಾರನ್ನು ನಮ್ಮ ಮುಖದ ಕಡೆಗೇ ಎತ್ತಿ ಒಗೆಯುತ್ತದೆ. ಕಿಕ್‌ಬ್ಯಾಕ್ ಎನ್ನುವುದು ಇದಕ್ಕೇ. ಕಣ್ಣು ಮಿಟುಕಿಸಲು ಹೊತ್ತಿಲ್ಲ. ಎಡಗೈ ಮುಂದಿನ ಗಾರ್ಡಿಗೆ ಬಡಿದು ಚೈನ್ ಬ್ರೇಕ್ ಬಿತ್ತು, ಚೈನು ನಿಂತಿತು. ನಿಂತ ಚೈನಿನ ಬಾರೇ ನನ್ನ ಅಡಿಕೆ ಹಾಳೆಯ ಟೊಪ್ಪಿಯನ್ನು ಸೀಳಿ ಹುಬ್ಬಿಗೆ ಬಡಿಯಿತು. ಏಳು ಹೊಲಿಗೆ. ಚೈನು ಓಡುತ್ತಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಲ್ಮೆಟ್ ಎಲ್ಲಿತ್ತು ಎಂದು ಹೆಂಡತಿ ಮಾತ್ರ ಕೇಳಿದಳು. ಕೊಟ್ಟಿಗೆಯಲ್ಲಿತ್ತು.

ಪಕ್ಕದ ಊರಿನಲ್ಲಿ ಮೂವತ್ತು ವರ್ಷದಿಂದ ಮರ ಇಳಿಸುವ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ನೋಡಲು ಬಂದವರು ನನ್ನ ಹೊಲಿಗೆಗಿಂತ ಮೊದಲು ಚೈನನ್ನು ನೋಡಿದರು. ಬೆಳಕಿಗೆ ಹಿಡಿದು, ಒಂದೊಂದೇ ಕೊಂಡಿ ಸರಿಸುತ್ತ ಹೋಗಿ, “ಇದು ಸಾಣೆ ಹಿಡಿದದ್ದಲ್ಲ ತಮ್ಮಾ, ಸುಟ್ಟದ್ದು” ಎಂದರು. ಜೇಬಿನಿಂದ ಉರುಟು ಅರ ತೆಗೆದು ಒಂದು ಹಲ್ಲಿನ ಮೇಲೆ ನೂಕಿದರು. ಅರ ಹಿಡಿಯಲೇ ಇಲ್ಲ, ಗಾಜಿನ ಮೇಲೆ ಜಾರಿದ ಹಾಗೆ ಕಿರ್ ಎಂದು ಜಾರಿತು. ಇನ್ನೊಂದು ಹಲ್ಲು ಅದಕ್ಕೆ ತದ್ವಿರುದ್ಧ, ಸೀಸದಷ್ಟು ಮೆತ್ತಗೆ.

ಕತ್ತಿ ಹಣಿಸುವ ಆಚಾರಿಯ ಕುಲುಮೆ ಮುಂದೆ ಕೂತು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಕ್ಕು ಸುಮಾರು 300 ಡಿಗ್ರಿ ಮುಟ್ಟಿದಾಗ ನೀಲಿ ತಿರುಗುತ್ತದೆ, ಕಾರ್ಖಾನೆಯಲ್ಲಿ ಕೊಟ್ಟ ಹದ ಕೆಡುತ್ತದೆ. ಕಲ್ಲಿಗೆ ಒತ್ತಿ ಹಿಡಿದಷ್ಟೂ ಎಲ್ಲೋ ಮೆತ್ತಗೆ, ಎಲ್ಲೋ ಪೆಡಸು. ಹಲ್ಲಿನ ಹೊರಮೈಗೆ ಹಚ್ಚಿದ ಕ್ರೋಮಿಯಂ ಲೇಪವೂ ಆ ಬಿಸಿಗೆ ಸಿಪ್ಪೆ ಏಳಬಹುದು. ಕಲ್ಲನ್ನು ಹಲ್ಲಿಗೆ ಹಗುರವಾಗಿ, ತಾಗಿಸಿ ಬಿಟ್ಟು, ತಾಗಿಸಿ ಬಿಟ್ಟು ಕೆಲಸ ಮಾಡಿದರೆ ಹೀಗಾಗುವುದಿಲ್ಲ. ಹತ್ತು ನಿಮಿಷದಲ್ಲಿ 36 ಹಲ್ಲು ಮುಗಿಸಬೇಕೆಂದರೆ ಆಗುವುದೇ ಇದು.

ಆದರೆ ನನ್ನ ಹುಬ್ಬು ಸೀಳುವುದರಲ್ಲಿ ದೊಡ್ಡ ಪಾಲು ಆ ಗೂಟದ್ದು. ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗೂಟವಿರುತ್ತದೆ, ಡೆಪ್ತ್ ಗೇಜ್ ಎನ್ನುತ್ತಾರೆ. ಬಡಗಿಯ ತೋಪಡದಲ್ಲಿ ಅಲಗು ಎಷ್ಟು ಹೊರಗೆ ಇಣುಕುತ್ತದೋ ಅಷ್ಟೇ ದಪ್ಪದ ಸಿಪ್ಪೆ ಬರುವುದಿಲ್ಲವೇ, ಇಲ್ಲಿಯೂ ಲೆಕ್ಕ ಅದೇ. ಗೂಟ ಹಲ್ಲಿಗಿಂತ ಎಷ್ಟು ಕೆಳಗಿದೆಯೋ ಹಲ್ಲು ಅಷ್ಟು ಆಳ ಕಚ್ಚುತ್ತದೆ. ನನ್ನ ಚೈನಿಗೆ ಈ ಅಂತರ 0.65 ಮಿಲಿಮೀಟರ್ ಇರಬೇಕು. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್, ಅದಕ್ಕಿಂತ ತುಸು ಕಡಿಮೆ. ಎರಡು ಹಲ್ಲುಗಳ ನೆತ್ತಿಯ ಮೇಲೆ ಉಕ್ಕಿನ ಸ್ಕೇಲು ಅಡ್ಡ ಇಟ್ಟು ನೋಡಿದರೆ, ನನ್ನ ಚೈನಿನ ಗೂಟಗಳ ಮೇಲೆ ಎರಡು ಎಟಿಎಂ ಕಾರ್ಡು ಆರಾಮವಾಗಿ ತೂರುತ್ತಿದ್ದವು. ಸಾಲದ್ದಕ್ಕೆ ಗೂಟದ ಮುಂದಿನ ಉರುಟು ಅಂಚು ಕಲ್ಲಿಗೆ ಸಿಕ್ಕಿ ಚೂಪು ಮೂಲೆಯಾಗಿತ್ತು. ಆ ಇಳಿಜಾರು ಇರುವುದೇ ಹಲ್ಲು ಮರದ ಮೇಲೆ ನುಣ್ಣಗೆ ಏರಲಿ ಎಂದು. ಬೇಗ ಕೊಯ್ಯಲಿ ಎಂದು ಕೇಳಿದವನು ನಾನು. ಅಂಗಡಿಯವರು ಕೇಳಿದ್ದನ್ನು ಕೊಟ್ಟರು.

ಆದ್ದರಿಂದ ಸಾಣೆಗೆ ಕೊಟ್ಟವರು ದುಡ್ಡು ಕೊಡುವ ಮೊದಲು ಚೈನನ್ನು ಬಿಸಿಲಿಗೆ ಹಿಡಿದು ನೋಡಿ. ನೀಲಿ ಅಥವಾ ಕಪ್ಪು ಕಂಡರೆ ಅದು ಹೊಳಪಲ್ಲ. ಎಡಗಡೆಯ ಹಲ್ಲು, ಬಲಗಡೆಯ ಹಲ್ಲು ಒಂದೇ ಉದ್ದ ಇವೆಯೇ ನೋಡಿ, ಇಲ್ಲದಿದ್ದರೆ ಗರಗಸ ಒಂದು ಪಕ್ಕಕ್ಕೆ ವಾಲಿಕೊಂಡು ಕೊಯ್ಯುತ್ತದೆ. ಗೂಟದ ಮೇಲೆ ಕಾರ್ಡು ಇಟ್ಟು ನೋಡಲು ನಾಚಿಕೆ ಬೇಡ. “ಗೂಟ ಮುಟ್ಟಬೇಡಿ” ಎಂದು ಮೊದಲೇ ಹೇಳಿಬಿಡುವುದು ಇನ್ನೂ ಒಳ್ಳೆಯದು.

ನಾನೀಗ ಮನೆಯಲ್ಲೇ ಅರ ಹಾಕುತ್ತೇನೆ. ನನ್ನ ಚೈನಿಗೆ 4.8 ಮಿಲಿಮೀಟರಿನ ಉರುಟು ಅರ, ಬೇರೆ ಅಳತೆಯ ಚೈನಿಗೆ ಬೇರೆ ಅರ, ಚೈನಿನ ಪೊಟ್ಟಣದ ಮೇಲೆ ಬರೆದಿರುತ್ತದೆ. ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿ ಕಳಚಿ, ಬಾರನ್ನು ಬಿಗಿಯಾಗಿ ಹಿಡಿಸಿ, ಕೈಗವಸು ಹಾಕಿ ಕೂರುವುದು. 30 ಡಿಗ್ರಿ ಓರೆ, ಅರದ ಐದನೆಯ ಒಂದು ಪಾಲು ಹಲ್ಲಿನ ನೆತ್ತಿಯಿಂದ ಮೇಲಿರಬೇಕು. ಒಳಗಿನಿಂದ ಹೊರಕ್ಕೆ ನೂಕುವುದು ಮಾತ್ರ, ವಾಪಸು ಎಳೆಯುವಾಗ ಅರ ಎತ್ತಿಬಿಡಬೇಕು. ಒಂದು ಹಲ್ಲಿಗೆ ಮೂರು ಸಲವಾದರೆ ಎಲ್ಲಕ್ಕೂ ಮೂರೇ ಸಲ. ನೆಲದ ಕಲ್ಲಿಗೆ ತಾಗಿ ಕೆಟ್ಟ ಚೈನಾದರೆ ಹೆಚ್ಚು ಕೆಟ್ಟ ಹಲ್ಲಿನಿಂದ ಶುರು ಮಾಡಿ ಉಳಿದವನ್ನು ಅದರ ಉದ್ದಕ್ಕೆ ತರಬೇಕು, ಬೇಸರದ ಕೆಲಸ. ನಾಲ್ಕೈದು ಸಲ ಅರ ಹಾಕಿದ ಮೇಲೆ ಗೂಟವನ್ನು ಅಳತೆ ಪಟ್ಟಿ ಇಟ್ಟೇ ಚಪ್ಪಟೆ ಅರದಿಂದ ಸವರಿ, ಮುಂದಿನ ಮೂಲೆಯನ್ನು ಮತ್ತೆ ಉರುಟು ಮಾಡುತ್ತೇನೆ. ಮೊದಲ ಸಲ ಒಂದೂವರೆ ಗಂಟೆ ಹಿಡಿಯಿತು. ಈಗ ಇಪ್ಪತ್ತು ನಿಮಿಷ ಸಾಕು.

ಹೊಲಿಗೆ ಬಿಚ್ಚಿಸಿದ ದಿನ ಅದೇ ಅಂಗಡಿಗೆ ಹೋಗಿ ಚೈನು ತೋರಿಸಿದೆ. ಜಗಳವಾಡಲು ಅಲ್ಲ, ಸ್ವಲ್ಪ ಆ ಉದ್ದೇಶವೂ ಇತ್ತು. ಅವರು ಹಲ್ಲು ನೋಡಲಿಲ್ಲ, ನನ್ನ ಹುಬ್ಬು ನೋಡಿ, “ಎಲ್ಲರಿಗೂ ಹೀಗೇ ಮಾಡಿಕೊಡುವುದು ಸರ್, ಇದುವರೆಗೆ ಯಾರೂ ದೂರು ಹೇಳಿಲ್ಲ” ಎಂದರು. ಹಿಂದಿನ ಗೋಡೆಯ ಕೊಕ್ಕೆಯಲ್ಲಿ ಹೆಸರು ಬರೆದ ಚೀಟಿ ಕಟ್ಟಿಕೊಂಡು ನಾಲ್ಕು ಚೈನು ನೇತಾಡುತ್ತಿದ್ದವು. ನಾಲ್ಕರ ತುದಿಯೂ ನೀಲಿ. ಒಂದು ಚೀಟಿಯ ಹೆಸರು ಪರಿಚಯದವರದ್ದು, ಅಲ್ಲಿಂದಲೇ ಅವರಿಗೆ ಫೋನು ಮಾಡಿದೆ. ಉಳಿದ ಮೂವರ ನಂಬರು ನನ್ನ ಬಳಿ ಇಲ್ಲ.