ವಿಲ್ಯಾನ್ ಹಾಕೋಕೆ ಮೂರು ಸ್ವಿಚ್: ಟಿಪಿ-ಲಿಂಕ್, ಸಿಸ್ಕೊ, ಮೈಕ್ರೊಟಿಕ್

ವಿಲ್ಯಾನ್‌ಗೆ (ಅಂದ್ರೆ ಒಂದೇ ನೆಟ್‌ವರ್ಕನ್ನ ಒಂದಕ್ಕೊಂದು ಸೇರದ ಹಾಗೆ ಭಾಗ ಮಾಡೋಕೆ) ಯಾವ ನೆಟ್‌ವರ್ಕ್ ಸ್ವಿಚ್ ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ವಾಪಸ್ ಕೇಳೋದು ಒಂದೇ: ಸೆಟ್ಟಿಂಗ್ ಕೆಟ್ಟರೆ ಅಲ್ಲಿಗೆ ಯಾರು ಹೋಗಬೇಕು? ನಾನಿರೋದು ಬಳ್ಳಾರಿಯಲ್ಲಿ, ಕೆಲಸ ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ. ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಆಮೇಲೆ ಸುತ್ತು ಹಾಕಿಕೊಂಡೇ ಹೋಗಬೇಕು.

ಮಿಲ್ಲಿಗೆ ಬೇಕಿದ್ದದ್ದು ಇಷ್ಟೇ. ಆಫೀಸು ಮತ್ತು ಕಾಂಟಾ ವಿಲ್ಯಾನ್ 10, ಕ್ಯಾಮೆರಾ 20, ಲಾರಿ ಡ್ರೈವರ್‌ಗಳ ವೈಫೈ 30. ಮೂರೂ ಸ್ವಿಚ್‌ಗಳು 802.1ಕ್ಯೂ ಅನ್ನೋ ಸ್ಟ್ಯಾಂಡರ್ಡ್ ಪ್ರಕಾರವೇ ಪ್ಯಾಕೆಟ್ಟಿಗೆ ಟ್ಯಾಗ್ (ಯಾವ ವಿಲ್ಯಾನ್ ಅಂತ ಹೇಳೋ ಚೀಟಿ) ಹಾಕುತ್ತವೆ. ಅದೇ 4 ಬೈಟಿನ ಟ್ಯಾಗ್, 1ರಿಂದ 4094ರವರೆಗಿನ ಅದೇ ನಂಬರ್‌ಗಳು. ಹಾಗಾಗಿ ಡಬ್ಬಿ ಮೇಲಿನ ಫೀಚರ್ ಪಟ್ಟಿ ಓದಿ ಪ್ರಯೋಜನ ಇಲ್ಲ.

ಟಿಪಿ-ಲಿಂಕ್ 108ಇ ಕಾಂಟಾ ರೂಮಿಗೆ. 8 ಪೋರ್ಟ್, ಫ್ಯಾನ್ ಇಲ್ಲ, ಬ್ರೌಸರ್‌ನಲ್ಲೇ ಎಲ್ಲಾ ಆಗುತ್ತದೆ. ಆದರೆ ಪಿವಿಐಡಿ (ಟ್ಯಾಗ್ ಇಲ್ಲದೆ ಪೋರ್ಟಿಗೆ ಬರೋ ಪ್ಯಾಕೆಟ್ ಯಾವ ವಿಲ್ಯಾನ್‌ಗೆ ಸೇರಬೇಕು ಅನ್ನೋ ನಂಬರ್) ಬೇರೆ ಪೇಜಿನಲ್ಲಿದೆ, ಜನ ಎಡವೋದು ಇಲ್ಲೇ. ಕ್ಯಾಮೆರಾ ಪೋರ್ಟನ್ನು 20ಕ್ಕೆ ಅನ್‌ಟ್ಯಾಗ್ಡ್ (ಟ್ಯಾಗ್ ತೆಗೆದು ಹೊರಗೆ ಕಳಿಸೋ ಹಾಗೆ) ಮಾಡಿ, ಪಿವಿಐಡಿ 1ರಲ್ಲೇ ಉಳಿಯಿತು ಅನ್ನಿ. ಎನ್‌ವಿಆರ್ (ಕ್ಯಾಮೆರಾ ರೆಕಾರ್ಡರ್) ಕಳಿಸಿದ ಪ್ಯಾಕೆಟ್ ಕ್ಯಾಮೆರಾಗೆ ಸರಿಯಾಗಿ ತಲುಪುತ್ತದೆ, ಕ್ಯಾಮೆರಾ ಕೊಡೋ ಉತ್ತರ ಮಾತ್ರ ವಿಲ್ಯಾನ್ 1ಕ್ಕೆ ಹೋಗಿ ಬೀಳುತ್ತದೆ. ಪೋರ್ಟಿನ ಲೈಟು ಮಿನುಗುತ್ತಲೇ ಇರುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಕೊನೆಗೆ ಸೇವ್ ಕಾನ್ಫಿಗ್ ಬೇರೆ ಒತ್ತಬೇಕು, ಇಲ್ಲಾಂದ್ರೆ ಕರೆಂಟ್ ಹೋಗಿ ಬಂದಾಗ ಮಾಡಿದ್ದೆಲ್ಲ ಮಾಯ. ನಮ್ಮ ಕಡೆ ಕರೆಂಟ್ ವಿಷಯ ಗೊತ್ತಲ್ವಾ.

ಸಿಸ್ಕೊ 2960, ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಮಾಲು. ಕಮಾಂಡ್ ಬರೋರಿಗೆ ಇದರಷ್ಟು ಸಲೀಸು ಬೇರೆ ಇಲ್ಲ: ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್, ಸ್ವಿಚ್‌ಪೋರ್ಟ್ ಆಕ್ಸೆಸ್ ವಿಲ್ಯಾನ್ 20, ಹೋಗೋದು ಬರೋದು ಎರಡೂ ಸೆಟ್, ಪಿವಿಐಡಿ ತಲೆನೋವೇ ಇಲ್ಲ. ಟ್ರಂಕ್‌ನಲ್ಲಿ (ಹಲವು ವಿಲ್ಯಾನ್ ಒಟ್ಟಿಗೆ ಸಾಗೋ ಪೋರ್ಟಿನಲ್ಲಿ) ಮಾತ್ರ ಹುಷಾರು. ಅಲೋಡ್ ವಿಲ್ಯಾನ್ ಆದಮೇಲೆ ಆ್ಯಡ್ ಅಂತ ಹಾಕದೆ 30 ಅಂತ ಬರೆದರೆ 30 ಒಂದೇ ಉಳಿಯುತ್ತದೆ, 10 ಮತ್ತು 20 ಅಳಿಸಿ ಹೋಗುತ್ತವೆ. ದೂರದಿಂದ ಮಾಡೋದಾದರೆ ಮೊದಲೇ ರೀಲೋಡ್ ಇನ್ 10 ಕೊಟ್ಟುಬಿಡಿ. ಕೈ ತಪ್ಪಿದರೂ 10 ನಿಮಿಷಕ್ಕೆ ರೀಬೂಟ್ ಆಗಿ ಹಿಂದೆ ಸೇವ್ ಮಾಡಿದ್ದಕ್ಕೆ ಮರಳುತ್ತದೆ. ಎಲ್ಲಾ ಸರಿ ಇದ್ದರೆ ರೀಲೋಡ್ ಕ್ಯಾನ್ಸಲ್. ಇದನ್ನ ಮಿಲ್ಲಿಗೆ ಬೇಡ ಅಂದದ್ದು ಫ್ಯಾನ್ ಕಾರಣಕ್ಕೆ. ಭತ್ತದ ಹೊಟ್ಟಿನ ಧೂಳು ಒಳಗೆ ಹೊಕ್ಕರೆ ಅದರ ಕಥೆ ಮುಗೀತು.

ಆಫೀಸಿಗೆ ನಾನು ಇಟ್ಟದ್ದು ಮೈಕ್ರೊಟಿಕ್ ಸಿಆರ್‌ಎಸ್326. 24 ಪೋರ್ಟ್, ಫ್ಯಾನ್ ಇಲ್ಲ, ಒಂದೇ ಡಬ್ಬಿಯಲ್ಲಿ ರೌಟರ್‌ಒಎಸ್ ಮತ್ತು ಸ್ವಿಚ್‌ಒಎಸ್ ಅನ್ನೋ ಎರಡೂ ಸಾಫ್ಟ್‌ವೇರ್. ಸ್ವಿಚ್‌ಒಎಸ್ ಬ್ರೌಸರ್‌ನಲ್ಲಿ ಸುಲಭ, ಆದರೆ ನನಗೆ ರೌಟರ್‌ಒಎಸ್ ಬೇಕಿತ್ತು, ಅದೂ ಸೇಫ್ ಮೋಡ್‌ಗಾಗಿ. ಸೇಫ್ ಮೋಡ್ ಹಾಕಿಕೊಂಡು ಕೆಲಸ ಮಾಡುವಾಗ ಕನೆಕ್ಷನ್ ಕಡಿದು ಹೋದರೆ ಸ್ವಲ್ಪ ಹೊತ್ತಿಗೆ ಮಾಡಿದ್ದನ್ನೆಲ್ಲ ಅದೇ ವಾಪಸ್ ತೆಗೆಯುತ್ತದೆ. ಕಲಿಯೋದು ಮಾತ್ರ ಸಿಸ್ಕೊಗಿಂತ ಕಷ್ಟ, ಸುಳ್ಳು ಹೇಳೋದಿಲ್ಲ. ಪಿವಿಐಡಿ ಬ್ರಿಡ್ಜ್ (ಪೋರ್ಟ್‌ಗಳನ್ನೆಲ್ಲ ಒಳಗೇ ಸೇರಿಸೋದು) ಪೋರ್ಟಿನಲ್ಲಿ, ಟ್ಯಾಗ್ಡ್ ಪಟ್ಟಿ ಇನ್ನೊಂದು ಕಡೆ ವಿಲ್ಯಾನ್ ಟೇಬಲ್‌ನಲ್ಲಿ, ಮ್ಯಾನೇಜ್‌ಮೆಂಟ್ ವಿಲ್ಯಾನ್‌ಗೆ (ಸ್ವಿಚ್ಚಿನ ಸೆಟ್ಟಿಂಗಿಗೆ ಲಾಗಿನ್ ಆಗೋ ವಿಲ್ಯಾನ್) ಬ್ರಿಡ್ಜನ್ನೇ ಟ್ಯಾಗ್ಡ್ ಆಗಿ ಸೇರಿಸಬೇಕು. ವಿಲ್ಯಾನ್ ಫಿಲ್ಟರಿಂಗ್ ಆನ್ ಮಾಡೋವರೆಗೂ ಈ ಟೇಬಲ್ ಕೆಲಸಕ್ಕೇ ಬರೋದಿಲ್ಲ, ಹಾಗಾಗಿ ಅದನ್ನ ಕಟ್ಟಕಡೆಗೆ ಆನ್ ಮಾಡಿ.

ಸ್ಥಳದಲ್ಲೇ ಒಬ್ಬ ಐಟಿ ಹುಡುಗ ಇರೋ ಕಡೆ, ಎಸಿ ರೂಮ್ ಇದ್ದರೆ, ನಾನು ಸುಮ್ನೆ ಸಿಸ್ಕೊ ಹಾಕುತ್ತೇನೆ. ಮಿಲ್ಲಿನಂಥ ಕಡೆ ಮೈಕ್ರೊಟಿಕ್, ಅದರ ಬಾಲಕ್ಕೆ ಟಿಪಿ-ಲಿಂಕ್. ಯಾವುದೇ ಹಾಕಿದರೂ ಪೋರ್ಟಿನ ಪಟ್ಟಿಯನ್ನ ದೊಡ್ಡ ಅಕ್ಷರದಲ್ಲಿ ಬರೆದು ರ‍್ಯಾಕಿಗೆ ಅಂಟಿಸಿ, ಯಾಕಂದ್ರೆ ಕ್ಯಾಮೆರಾ ರಿಪೇರಿಗೆ ಬಂದವರು ಖಾಲಿ ಕಂಡ ತೂತಿಗೆ ವೈರ್ ಚುಚ್ಚಿ ಹೋಗುತ್ತಾರೆ, ಆಮೇಲೆ ಸಾವ್ಕಾರ್ರ ಫೋನ್ ಬರೋದು ನಿಮಗೆ.