ಸ್ಪಿತಿ ಕಣಿವೆಯ ಪ್ರವಾಸ: ಮಾರ್ಗದರ್ಶಿಗೆ ಪೂರ್ಣ ಅಂಕ, ವೇಳಾಪಟ್ಟಿಗೆ ಅರ್ಧ

ಕಳೆದ ಸೆಪ್ಟೆಂಬರ್ ತಿಂಗಳ ಉತ್ತರಾರ್ಧದಲ್ಲಿ ನಾನು, ನಮ್ಮ ಯಜಮಾನರು ಮತ್ತು ನನ್ನ ತಂಗಿ ಧಾರವಾಡದಿಂದ ಹೊರಟು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯನ್ನು ನೋಡಿ ಬಂದೆವು. ಶಿಮ್ಲಾದಲ್ಲಿ ಹತ್ತಿಸಿಕೊಂಡು ಮನಾಲಿಯಲ್ಲಿ ಇಳಿಸುವ, ಎಂಟು ರಾತ್ರಿ ಒಂಬತ್ತು ಹಗಲಿನ ಈ ಪ್ರವಾಸವನ್ನು ಒಂದು ಖಾಸಗಿ ಸಂಸ್ಥೆಯ ಮೂಲಕ ಕಾಯ್ದಿರಿಸಿದ್ದೆವು. ತಲಾ 34,000 ರೂಪಾಯಿಯಲ್ಲಿ ಟೆಂಪೊ ಟ್ರಾವೆಲರ್, ವಸತಿ, ಬೆಳಗಿನ ತಿಂಡಿ, ರಾತ್ರಿಯ ಊಟ ಮತ್ತು ಜೊತೆಗೊಬ್ಬ ಸ್ಥಳೀಯ ಮಾರ್ಗದರ್ಶಿ ಸೇರಿದ್ದರು. ಮಧ್ಯಾಹ್ನದ ಊಟ, ದೆಹಲಿಯವರೆಗಿನ ಪ್ರಯಾಣ ನಮ್ಮದೇ ಖರ್ಚು. ಐವತ್ತು ದಾಟಿದವರು, ಸ್ವಲ್ಪ ರಕ್ತದೊತ್ತಡ ಇರುವವರು ಇಂಥ ಪ್ರವಾಸಕ್ಕೆ ಹೋಗಬಹುದೇ ಎಂದು ಊರಿನಲ್ಲಿ ಬಹಳ ಜನ ಕೇಳುತ್ತಿದ್ದಾರೆ. ಹೋಗಬಹುದು, ಆದರೆ ಯಾವ ದಾರಿಯಲ್ಲಿ, ಎಷ್ಟು ದಿನಗಳಲ್ಲಿ, ಯಾರ ಜೊತೆಯಲ್ಲಿ ಹೋಗುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂಬುದೇ ನನ್ನ ಅನುಭವವಾದ್ದರಿಂದ, ಅದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಸ್ಪಿತಿಗೆ ಎರಡು ದಾರಿಗಳಿವೆ. ಮನಾಲಿಯಿಂದ ಹೋದರೆ ಸುಮಾರು 2,000 ಮೀಟರ್ ಎತ್ತರದಿಂದ ಹೊರಟವರು ಅದೇ ದಿನ 4,500 ಮೀಟರ್ ಮೀರಿದ ಕುಂಜುಮ್ ಕಣಿವೆದಾರಿಯನ್ನು ದಾಟಿ, ಸಂಜೆಗೆ ಸುಮಾರು 3,650 ಮೀಟರ್ ಎತ್ತರದಲ್ಲಿರುವ, ಸ್ಪಿತಿಯ ಮುಖ್ಯ ಊರಾದ ಕಾಜಾದಲ್ಲಿ ಮಲಗಬೇಕಾಗುತ್ತದೆ. ಶಿಮ್ಲಾ ಕಡೆಯಿಂದ ಹೋದರೆ ಸಟ್ಲೆಜ್ ನದಿಯ ಜೊತೆಜೊತೆಗೇ ಕಿನ್ನೌರ್ ಜಿಲ್ಲೆಯನ್ನು ಹಾದು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಮೇಲೇರುತ್ತೇವೆ. ಕಾಜಾದಲ್ಲಿ ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಹೆಚ್ಚುಕಡಿಮೆ ಮೂರನೇ ಎರಡರಷ್ಟು ಮಾತ್ರ ಸಿಗುವುದರಿಂದ, ದೇಹಕ್ಕೆ ಒಗ್ಗಿಕೊಳ್ಳಲು ಅವಕಾಶ ಕೊಡುವ ಈ ಎರಡನೆಯ ದಾರಿಯೇ ಸರಿಯಾದದ್ದು. ನಮ್ಮ ಸಂಸ್ಥೆ ಇದನ್ನೇ ಆರಿಸಿತ್ತು. ಮೊದಲ ರಾತ್ರಿ ಭೀಮಾಕಾಳಿ ದೇವಸ್ಥಾನವಿರುವ ಸರಾಹನ್, ಆಮೇಲೆ ಎರಡು ರಾತ್ರಿ ಕಿನ್ನರ್ ಕೈಲಾಸ ಪರ್ವತ ಎದುರಿಗೇ ಕಾಣುವ ಕಲ್ಪಾ, ಎರಡು ರಾತ್ರಿ ತಾಬೋ, ಎರಡು ರಾತ್ರಿ ಕಾಜಾ, ಕೊನೆಯ ರಾತ್ರಿ ಚಂದ್ರತಾಲ್ ಸರೋವರದ ಹತ್ತಿರದ ಡೇರೆ. ಕಾಜಾದವರೆಗಿನ ಈ ಜೋಡಣೆಯಲ್ಲಿ ಕೊರತೆ ಹೇಳಲು ನನಗೆ ಏನೂ ಇಲ್ಲ.

ವಾಹನ ಹನ್ನೆರಡು ಸೀಟಿನದು, ನಾವು ಹನ್ನೊಂದು ಜನ. ಕೊನೆಯ ಸಾಲಿನಲ್ಲಿ ಕುಳಿತವರಿಗೆ ಕುಲುಕಾಟ ಜಾಸ್ತಿ, ಹಾಗಾಗಿ ಪ್ರತಿದಿನ ಸೀಟು ಬದಲಿಸಿಕೊಳ್ಳುವ ನಿಯಮವನ್ನು ಮಾರ್ಗದರ್ಶಿ ಮೊದಲ ದಿನವೇ ಮಾಡಿಟ್ಟರು. ಚಾಲಕರು ಕಿನ್ನೌರಿನವರು, ಹಸಿರು ಪಟ್ಟಿಯ ಟೋಪಿಯನ್ನು ಒಂಬತ್ತು ದಿನವೂ ತೆಗೆಯದ, ಮಾತು ಕಡಿಮೆಯ ಮನುಷ್ಯ. ಅವರ ಕೆಲಸದ ರೀತಿಯನ್ನು ನಾಕೋ ಊರಿನ ನಂತರ ಸಿಗುವ ಮಲಿಂಗ್ ನಾಲಾದಲ್ಲಿ ಕಂಡೆ. ಮೇಲಿನ ಗುಡ್ಡದಿಂದ ಕಲ್ಲುಗಳು ಸದಾ ಉರುಳುವ ಜಾಗವದು. ಅವರು ಅಷ್ಟು ದೂರದಲ್ಲಿಯೇ ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿದರು. ಮಾರ್ಗದರ್ಶಿ ಕೆಳಗಿಳಿದು, ಕೈಯನ್ನು ಹಣೆಗೆ ಅಡ್ಡಹಿಡಿದು ಗುಡ್ಡವನ್ನೇ ನೋಡುತ್ತ ನಿಂತರು. ಹುಣಸೆಬೀಜದಷ್ಟು ಚಿಕ್ಕ ಕಲ್ಲುಗಳು ಜಾರುವ ಸದ್ದು ಮಾತ್ರ ಕೇಳುತ್ತಿತ್ತು. ಅದು ಪೂರ್ತಿ ನಿಂತ ಮೇಲೆ ಅವರು ಕೈ ಬೀಸಿದರು, ಗಾಡಿ ಒಂದೇ ಉಸಿರಿಗೆ ಆಚೆ ದಾಟಿತು. ಹಿಂದೆ ನಿಂತ ಎರಡು ಕಾರುಗಳವರು ಹಾರ್ನ್ ಹೊಡೆಯುತ್ತಿದ್ದರೂ ಇವರು ಅವಸರ ಮಾಡಲಿಲ್ಲ. ಕತ್ತಲಾದ ಮೇಲೆ ಗಾಡಿ ಓಡಿಸುವುದಿಲ್ಲ ಎಂಬ ಮಾತನ್ನೂ ಅವರು ಕೊನೆಯ ದಿನದ ಮುಂಜಾವನ್ನು ಬಿಟ್ಟರೆ ಉಳಿಸಿಕೊಂಡರು.

ಮಾರ್ಗದರ್ಶಿ ಪಿನ್ ಕಣಿವೆಯ ಒಂದು ಹಳ್ಳಿಯ ಯುವಕ. ಸಂಸ್ಥೆಯ ಕರಪತ್ರದಲ್ಲಿ ಅವರ ಬಗ್ಗೆ ಒಂದು ಸಾಲೂ ಇರಲಿಲ್ಲವೆಂಬುದು ನನಗೆ ಈಗಲೂ ಬೇಸರದ ಸಂಗತಿ, ಏಕೆಂದರೆ ಈ ಪ್ರವಾಸದಲ್ಲಿ ನಾವು ಕೊಟ್ಟ ಹಣಕ್ಕೆ ನಿಜವಾದ ಪ್ರತಿಫಲವೆಂದರೆ ಅವರೇ. ತಾಬೋದ ಎರಡು ರಾತ್ರಿಗಳು ಅವರಿಂದಾಗಿಯೇ ಸಾರ್ಥಕವಾದವು. ಕ್ರಿ.ಶ. 996ರಲ್ಲಿ ಪಶ್ಚಿಮ ಟಿಬೆಟ್ಟಿನ ಗುಗೆ ರಾಜ್ಯದ ದೊರೆ ಯೆಶೆ ಓ ಕಟ್ಟಿಸಿದನೆನ್ನುವ ತಾಬೋ ಬೌದ್ಧ ವಿಹಾರ ಹೊರಗಿನಿಂದ ನೋಡಿದರೆ ಮಣ್ಣಿನ ಕಣಜಗಳ ಗುಂಪಿನಂತೆ ಕಾಣುತ್ತದೆ. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ, ಬೆಳಕು ಕೂಡ ಇಲ್ಲವೆನ್ನುವಷ್ಟು ಕಡಿಮೆ. ಬಂದವರು ಸಾಮಾನ್ಯವಾಗಿ ಒಂದು ಸುತ್ತು ಹಾಕಿ ಹೊರಬರುತ್ತಾರೆ. ನಮ್ಮ ಮಾರ್ಗದರ್ಶಿ ಮಾತ್ರ ಎಲ್ಲರನ್ನೂ ಬಾಗಿಲ ಬಳಿ ನಿಲ್ಲಿಸಿ, ಟಾರ್ಚ್ ಹಚ್ಚಬೇಡಿ, ಕಣ್ಣು ತಾನಾಗಿಯೇ ಹೊಂದಿಕೊಳ್ಳಲಿ ಎಂದರು. ಎರಡು ಮೂರು ನಿಮಿಷ ಕಳೆಯುವುದರೊಳಗೆ, ಬರೀ ಗೋಡೆಯೆಂದುಕೊಂಡಿದ್ದ ಕಡೆಯಿಂದ, ನಮ್ಮ ತಲೆಗಿಂತ ಮೇಲೆ, ಆಳೆತ್ತರದ ಮಣ್ಣಿನ ದೇವತೆಗಳು ಒಂದೊಂದಾಗಿ ಮುಂದಕ್ಕೆ ಬಾಗಿ ಕುಳಿತಂತೆ ಕಾಣತೊಡಗಿದರು. ಮಧ್ಯದಲ್ಲಿ ನಾಲ್ಕು ದಿಕ್ಕಿಗೆ ಮುಖಮಾಡಿದ ವೈರೋಚನ ಬುದ್ಧ, ಕೆಳಗೆ ಗೋಡೆಯುದ್ದಕ್ಕೂ ನೀಲಿ, ಕಾವಿ ಬಣ್ಣದ ಚಿತ್ರಗಳು. ಸಾವಿರ ವರ್ಷದ ಹಿಂದೆ ಬೌದ್ಧ ಗ್ರಂಥಗಳ ಅನುವಾದಕ ರಿಂಚೆನ್ ಜಾಂಗ್ಪೋನ ಕಾಲದಲ್ಲಿ ಕಾಶ್ಮೀರದ ಕಲಾವಿದರ ಕೈಚಳಕ ಇಲ್ಲಿಯವರೆಗೆ ಬಂದಿತ್ತೆಂಬುದನ್ನು ಅವರು ಮೆಲುದನಿಯಲ್ಲಿ ಹೇಳುತ್ತಿದ್ದರು. 1975ರ ಕಿನ್ನೌರ್ ಭೂಕಂಪವನ್ನು ತಾಳಿಕೊಂಡ ಈ ಕಟ್ಟಡದ ಮಣ್ಣಿನ ಮಾಳಿಗೆ ಮಳೆಗೆಂದು ಕಟ್ಟಿದ್ದಲ್ಲ, ಒಂದು ದೊಡ್ಡ ಮಳೆ ಬಂದರೂ ನಮಗೆ ನಿದ್ದೆ ಬರುವುದಿಲ್ಲ ಎಂದು ಅವರು ಹೇಳಿದಾಗ ಅವರ ದನಿ ಬದಲಾಗಿತ್ತು. ನಮ್ಮ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳೆದ ನನಗೆ ಆ ಆತಂಕವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಧಂಕರ್ ಮತ್ತು ಗ್ಯೂ ಊರುಗಳನ್ನೂ ನೋಡಿದೆವು. ಸ್ಪಿತಿ ಮತ್ತು ಪಿನ್ ನದಿಗಳು ಕೂಡುವ ಜಾಗವನ್ನು ಧಂಕರ್ ಕೋಟೆಯ ಕಡಿದಾದ ಬಂಡೆಯ ಮೇಲಿಂದ ನೋಡುವುದಕ್ಕಾದರೂ ಅಲ್ಲಿ ಒಂದು ಗಂಟೆ ಹೆಚ್ಚು ಇರಬೇಕು.

ತೊಂದರೆ ಬಂದದ್ದು ಕಾಜಾ ತಲುಪಿದ ರಾತ್ರಿ. ಪ್ರತಿ ಸಂಜೆಯೂ ಮಾರ್ಗದರ್ಶಿ ಎಲ್ಲರ ಬೆರಳಿಗೆ ಆಕ್ಸಿಮೀಟರ್ ಹಾಕಿ ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಕಾಜಾದಲ್ಲಿ ಮೊದಲ ದಿನ ತಲೆಸ್ನಾನ ಮಾಡಬೇಡಿ, ಬಿಸಿನೀರು ಕುಡಿಯುತ್ತಿರಿ, ಮಲಗುವ ಮುನ್ನ ಬೆಳ್ಳುಳ್ಳಿ ಸೂಪ್ ತೆಗೆದುಕೊಳ್ಳಿ ಎಂದು ಮನೆಯ ಹಿರಿಯರಂತೆ ಹೇಳಿದ್ದರು. ನನ್ನ ತಂಗಿ ಮಾತ್ರ ಉತ್ಸಾಹದಲ್ಲಿ ಮಾರುಕಟ್ಟೆಯೆಲ್ಲ ಓಡಾಡಿ, ತಲೆಗೆ ನೀರು ಹಾಕಿಕೊಂಡಿದ್ದಳು. ರಾತ್ರಿ ಹತ್ತರ ಹೊತ್ತಿಗೆ ತಲೆ ಸಿಡಿಯುವಂತಹ ನೋವು, ಎರಡು ಬಾರಿ ವಾಂತಿ. ಬೆರಳಿನ ಅಂಕಿ ಸಂಜೆಗಿಂತ ಬಹಳ ಕೆಳಗಿತ್ತು. ಜಾಹೀರಾತಿನಲ್ಲಿ "ವಾಹನದಲ್ಲಿ ಆಮ್ಲಜನಕದ ವ್ಯವಸ್ಥೆ ಇದೆ" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಚಾಲಕರು ಓಡಿಹೋಗಿ ಸಿಲಿಂಡರ್ ತಂದರು. ಅದರ ಮುಳ್ಳು ಸೊನ್ನೆಯ ಹತ್ತಿರ ಇತ್ತು. ಹಿಂದಿನ ತಂಡ ಬಳಸಿದ ಮೇಲೆ ಅದನ್ನು ಮತ್ತೆ ತುಂಬಿಸಿರಲಿಲ್ಲ, ಹೊರಡುವ ಮೊದಲು ಕಚೇರಿಯವರು ಯಾರೂ ನೋಡಿಯೂ ಇರಲಿಲ್ಲ. ಇದನ್ನು ನಾನು ಸಣ್ಣ ಲೋಪವೆಂದು ಬಿಡಲಾರೆ. ಅಂಥ ಜಾಗದಲ್ಲಿ ಖಾಲಿ ಸಿಲಿಂಡರ್ ಒಯ್ಯುವುದಕ್ಕಿಂತ, ಸಿಲಿಂಡರ್ ಇಲ್ಲ ಎಂದು ಮೊದಲೇ ಹೇಳುವುದು ಎಷ್ಟೋ ಲೇಸು, ಆಗ ನಾವೇ ಒಂದು ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆವು.

ಮಾರ್ಗದರ್ಶಿ ಒಂದು ನಿಮಿಷವನ್ನೂ ಮಾತಿನಲ್ಲಿ ಕಳೆಯದೆ ಊರಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಆಮ್ಲಜನಕ ಕೊಟ್ಟು, ಔಷಧಿ ಕೊಟ್ಟು, ಬೆಳಗಿನ ಜಾವದವರೆಗೆ ನೋಡಿಕೊಂಡರು. ಅಷ್ಟು ಹೊತ್ತೂ ಮಾರ್ಗದರ್ಶಿ ನಮ್ಮ ಜೊತೆ ಹೊರಗಿನ ಬೆಂಚಿನ ಮೇಲೆಯೇ ಕುಳಿತಿದ್ದರು. ಬೆಳಿಗ್ಗೆ ಸಂಸ್ಥೆಯ ಕಚೇರಿಗೆ ಫೋನ್ ಮಾಡಿದರೆ, ವೇಳಾಪಟ್ಟಿಯಂತೆ ಮುಂದುವರಿಯಿರಿ, ಚಂದ್ರತಾಲ್ ಡೇರೆಗೆ ಹಣ ಕಟ್ಟಿಯಾಗಿದೆ ಎಂಬ ಉತ್ತರ ಬಂತು. ಚಂದ್ರತಾಲ್ ಇರುವುದು ಕಾಜಾಕ್ಕಿಂತಲೂ ಸುಮಾರು 600 ಮೀಟರ್ ಮೇಲೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ಪರ್ವತ ವೈದ್ಯರ ಸಾಮಾನ್ಯ ಸಲಹೆಯಾಗಿರುವಾಗ, ಆರೋಗ್ಯವಾಗಿರುವವರಿಗೂ ಅದು ಸ್ವಲ್ಪ ಅತಿಯೇ. ಮಾರ್ಗದರ್ಶಿ ಹನ್ನೊಂದು ಜನರನ್ನೂ ತಿಂಡಿಯ ಮೇಜಿನ ಸುತ್ತ ಕೂರಿಸಿ, ಡೇರೆಯ ರಾತ್ರಿಯನ್ನು ಬಿಟ್ಟು ಕಾಜಾದಲ್ಲಿಯೇ ಮೂರನೆಯ ರಾತ್ರಿ ಉಳಿಯೋಣ, ಕೊನೆಯ ದಿನ ನಸುಕಿನಲ್ಲಿ ಹೊರಟು ಸರೋವರವನ್ನು ಹಗಲಿನಲ್ಲಿಯೇ ನೋಡಿ ಮನಾಲಿಗೆ ಇಳಿಯೋಣ ಎಂದರು. ಪುಣೆಯ ಇಬ್ಬರು ಹುಡುಗರಿಗೆ ನಕ್ಷತ್ರ ನೋಡುವ ಆಸೆಯಿತ್ತು, ಮುಖ ಸಣ್ಣದು ಮಾಡಿಕೊಂಡರೂ ಒಪ್ಪಿದರು. ಅವರ ಋಣ ನಮ್ಮ ಮೇಲಿದೆ.

ಹೀಗೆ ಸಿಕ್ಕಿದ ಒಂದು ದಿನದಿಂದಲೇ ಈ ಪ್ರವಾಸ ಪೂರ್ತಿಯಾಯಿತೆಂದು ನಾನು ಹೇಳುತ್ತೇನೆ. ಮೂಲ ವೇಳಾಪಟ್ಟಿಯಲ್ಲಿ ಕೀ ಗೊಂಪಾ (ಬೌದ್ಧ ವಿಹಾರ), ಕಿಬ್ಬರ್, ಚಿಚಮ್ ಸೇತುವೆ, ಲಾಂಗ್ಜಾ, ಹಿಕ್ಕಿಮ್, ಕೋಮಿಕ್ ಇವಿಷ್ಟನ್ನೂ ಒಂದೇ ಹಗಲಿಗೆ ತುರುಕಿದ್ದರು. ಇವೆಲ್ಲ ನಾಲ್ಕು ಸಾವಿರ ಮೀಟರ್ ಮೇಲಿನ ಜಾಗಗಳು, ಗಾಡಿಯಿಂದ ಇಳಿದು ಹತ್ತು ಹೆಜ್ಜೆ ಹಾಕಿದರೆ ಏದುಸಿರು ಬರುತ್ತದೆ. ನಾವು ಅವನ್ನು ಎರಡು ದಿನಕ್ಕೆ ಹಂಚಿಕೊಂಡೆವು. ಮೊದಲ ದಿನ ತಂಗಿ, ಯಜಮಾನರು ಕೋಣೆಯಲ್ಲಿ ವಿಶ್ರಾಂತಿ ಪಡೆದರು, ಉಳಿದವರು ಕೀ ಕಡೆಗೆ ಹೋದೆವು. ಗೊಂಪಾದ ಹಳೆಯ ಅಡುಗೆಮನೆಯಲ್ಲಿ ಬಂದವರಿಗೆಲ್ಲ ಗಿಡಮೂಲಿಕೆಯ ಚಹಾ ಕೊಡುತ್ತಾರೆ. ಚಹಾ ಸುರಿಯುತ್ತಿದ್ದ ನಡುವಯಸ್ಸಿನ ಭಿಕ್ಷು ನಾನು ಧಾರವಾಡದವಳೆಂದು ಹಿಂದಿಯಲ್ಲಿ ಹೇಳುತ್ತಿದ್ದಂತೆ "ಊಟ ಆಯ್ತ್ರೀ?" ಎಂದುಬಿಟ್ಟರು. ಮುಂಡಗೋಡಿನ ವಿಹಾರದಲ್ಲಿ ಹಲವು ವರ್ಷ ಓದಿದವರಂತೆ. ಅಲ್ಲಿನ ಸೆಕೆ, ಹುಬ್ಬಳ್ಳಿಯ ಬಸ್ಸು, ಮಿರ್ಚಿ ಭಜಿ ಎಲ್ಲವನ್ನೂ ನೆನೆಸಿಕೊಂಡರು. ಅಲ್ಲಿಂದ ಹೊರಡುವಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಮರುದಿನ ತಂಗಿಯೂ ಚೇತರಿಸಿಕೊಂಡು ಜೊತೆಯಾದಳು. ಲಾಂಗ್ಜಾದ ಒಂದು ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಬಾರ್ಲಿ ಹಿಟ್ಟಿನ ದಪ್ಪ ರೊಟ್ಟಿ, ಕಪ್ಪು ಬಟಾಣಿಯ ಸಾರು, ಉಪ್ಪು ಹಾಕಿದ ಬೆಣ್ಣೆ ಚಹಾ. ಜೋಳದ ರೊಟ್ಟಿ ತಿನ್ನುವ ನಮಗೆ ಆ ರೊಟ್ಟಿ ಬಹಳ ರುಚಿಸಿತು, ಚಹಾ ಮಾತ್ರ ಎರಡನೆಯ ಲೋಟಕ್ಕೆ ಹಿಡಿಸಿತು. ಆ ಮನೆಯ ಶೌಚಾಲಯ ಒಣ ಪದ್ಧತಿಯದು. ನೀರಿಲ್ಲ, ನೆಲದಲ್ಲೊಂದು ಕಿಂಡಿ, ಪಕ್ಕದಲ್ಲಿ ಮಣ್ಣು ಮತ್ತು ಬೂದಿಯ ರಾಶಿ, ಒಂದು ಸಲಿಕೆ. ಕೆಲಸ ಮುಗಿದ ಮೇಲೆ ಎರಡು ಸಲಿಕೆ ಮಣ್ಣು ಹಾಕಬೇಕು, ಅದೇ ಮುಂದೆ ಹೊಲಕ್ಕೆ ಗೊಬ್ಬರವಾಗುತ್ತದೆ. ವಾಸನೆ ಸ್ವಲ್ಪವೂ ಇರಲಿಲ್ಲ. ಮಳೆನೆರಳಿನ ಈ ಶೀತ ಮರುಭೂಮಿಯಲ್ಲಿ ನೀರಿನ ಬೆಲೆ ಏನೆಂಬುದು ಅಲ್ಲಿ ತಿಳಿಯುವಷ್ಟು ಬೇರೆಲ್ಲೂ ತಿಳಿಯುವುದಿಲ್ಲ. ಊರಿನ ಸುತ್ತ ಹಿಂದೆ ಟೆಥಿಸ್ ಎಂಬ ಪ್ರಾಚೀನ ಸಮುದ್ರವಿದ್ದ ಕುರುಹಾಗಿ ಸುರುಳಿಯಾಕಾರದ ಪಳೆಯುಳಿಕೆಗಳು ಸಿಗುತ್ತವೆ. ಮಕ್ಕಳು ಅವನ್ನು ಮಾರಲು ತಂದಾಗ ಮಾರ್ಗದರ್ಶಿ ನಮ್ಮ ಯಾರಿಗೂ ಕೊಳ್ಳಲು ಬಿಡಲಿಲ್ಲ, ಅದರ ಬದಲು ಆ ಮಕ್ಕಳನ್ನೇ ಕರೆದು ಯಾವ ಕಲ್ಲು ಎಲ್ಲಿ ಸಿಕ್ಕಿತೆಂದು ನಮಗೆ ತೋರಿಸಲು ಹೇಳಿದರು. ಹಿಕ್ಕಿಮ್ ಅಂಚೆ ಕಚೇರಿಯಿಂದ ತಂಗಿ ಧಾರವಾಡಕ್ಕೆ ಹಾಕಿದ ಕಾರ್ಡು ಹದಿನೇಳನೆಯ ದಿನ ಮನೆಗೆ ಬಂತು.

ಕೊನೆಯ ದಿನ ಬೆಳಗಿನ ನಾಲ್ಕೂವರೆಗೆ ಹೊರಟು ಕುಂಜುಮ್ ದಾಟಿ ಚಂದ್ರತಾಲ್ ನೋಡಿದೆವು. 2005ರಿಂದ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿರುವ ಆ ಸರೋವರದ ದಡದವರೆಗೆ ವಾಹನ ಬಿಡುವುದಿಲ್ಲ, ಡೇರೆಗಳನ್ನೂ ದೂರದಲ್ಲಿಯೇ ಹಾಕಬೇಕು. ಅದು ಬಹಳ ಒಳ್ಳೆಯ ನಿಯಮ. ಬಟಾಲ್‌ನಿಂದ ಗ್ರಾಂಫೂವರೆಗಿನ ದಾರಿ ರಸ್ತೆಯೆನ್ನುವುದಕ್ಕಿಂತ ಹೊಳೆಯ ಪಾತ್ರದಂತಿದೆ. ಬೆನ್ನುನೋವಿರುವವರು ಆ ದಿನ ಸೊಂಟಪಟ್ಟಿ ಕಟ್ಟಿಕೊಂಡೇ ಕೂರಬೇಕು. ಅದಾದ ಮೇಲೆ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿದೊಡನೆ ದೇವದಾರು ಮರಗಳು, ಸೋನೆ ಮಳೆ, ಮನಾಲಿ.

ವಸತಿಗಳು ಶುಚಿಯಾಗಿದ್ದವು. ಕಾಜಾದ ಕೋಣೆಯಲ್ಲಿ ಬೆಳಿಗ್ಗೆ ತಲಾ ಒಂದು ಬಕೆಟ್ಟಿನಂತೆ ಮಾತ್ರ ಬಿಸಿನೀರು, ಅದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ಸಸ್ಯಾಹಾರಿಗಳಿಗೆ ಎಲ್ಲಿಯೂ ತೊಂದರೆಯಾಗಲಿಲ್ಲ. ಊಟದಲ್ಲಿ ಥುಕ್ಪಾ ಎಂಬ ನೂಡಲ್ಸ್ ಸೂಪ್, ಮೊಮೊ, ದಾಲ್, ಅನ್ನ ಇದ್ದೇ ಇರುತ್ತವೆ.

ಊರಿಗೆ ಬಂದ ಮೇಲೆ, ಬಳಸದ ಡೇರೆಯ ಹಣವನ್ನು ಹಿಂದಿರುಗಿಸಲು ಸಂಸ್ಥೆಯನ್ನು ಕೇಳಿದೆವು. ಬದಲಾವಣೆಯನ್ನು ಪ್ರಯಾಣಿಕರೇ ಮಾಡಿಕೊಂಡಿದ್ದರಿಂದ ಕೊಡಲಾಗುವುದಿಲ್ಲವೆಂದು ಬರೆದರು. ಖಾಲಿ ಸಿಲಿಂಡರಿನ ಬಗ್ಗೆ ಕೇಳಿದ ಪ್ರಶ್ನೆಗೆ ಇವತ್ತಿನವರೆಗೆ ಉತ್ತರವಿಲ್ಲ. ಇಂಥ ಪ್ರವಾಸ ಕಾಯ್ದಿರಿಸುವವರು ಹಣ ಕಟ್ಟುವ ಮೊದಲು, ಪ್ರತಿ ರಾತ್ರಿ ಮಲಗುವ ಊರಿನ ಎತ್ತರ ಎಷ್ಟೆಂದು ಬರೆಸಿಕೊಳ್ಳಿ. ಮಾರ್ಗದರ್ಶಿ ಆ ಕಣಿವೆಯವರೇ ಹೌದೇ ಎಂದು ಕೇಳಿ. ಶಿಮ್ಲಾದಲ್ಲಿ ವಾಹನ ಹತ್ತುವಾಗ ಸಿಲಿಂಡರಿನ ಮುಳ್ಳನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಹಿಮಕ್ಕೆ ಕುಂಜುಮ್ ಮುಚ್ಚುವ ಮೊದಲು ಹೋಗುವುದಾದರೆ ಸೆಪ್ಟೆಂಬರ್ ಬಹಳ ಒಳ್ಳೆಯ ತಿಂಗಳು, ಬಟಾಣಿ ಮತ್ತು ಬಾರ್ಲಿಯ ಸುಗ್ಗಿಯನ್ನೂ ನೋಡಬಹುದು. ಕಾಜಾದಲ್ಲಿ ಮೂರು ರಾತ್ರಿ ಇಟ್ಟು, ಡೇರೆಯ ರಾತ್ರಿಯನ್ನು ಬಿಟ್ಟ ವೇಳಾಪಟ್ಟಿಯನ್ನು ನಾನು ದಿನವಾರು ಬರೆದು ಆ ಸಂಸ್ಥೆಗೂ ಮಾರ್ಗದರ್ಶಿಗೂ ಕಳುಹಿಸಿದ್ದೇನೆ. ಮುಂದಿನ ವರ್ಷದ ತಂಡಗಳನ್ನು ತಾವು ಸ್ವತಂತ್ರವಾಗಿ ಕರೆದೊಯ್ಯುವಾಗ ಅದನ್ನೇ ಇಟ್ಟುಕೊಳ್ಳುವುದಾಗಿ ಮಾರ್ಗದರ್ಶಿ ತಿಳಿಸಿದ್ದಾರೆ.